ಹೊಸ ಬ್ಯಾಂಡ್ ಸಾ: ಮೊದಲ ಕೊಯ್ತಕ್ಕೆ ಮುಂಚಿನ ಕೆಲಸ

ಬ್ಯಾಂಡ್ ಸಾ ಮನೆಗೆ ಬಂದ ದಿನವೇ ಮರ ಕೊಯ್ಯಲು ಹೊರಡಬೇಡಿ. ಪೆಟ್ಟಿಗೆ ಬಿಚ್ಚಿ, ಪ್ಲಗ್ ಸಿಕ್ಕಿಸಿ, ಕೈಗೆ ಸಿಕ್ಕ ತುಂಡೊಂದನ್ನು ನೂಕಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಇದು ಟೇಬಲ್ ಸಾ ಥರದ ಯಂತ್ರ ಅಲ್ಲ. ಅಲ್ಲಿ ಗಟ್ಟಿ ಉಕ್ಕಿನ ಬಿಲ್ಲೆಯೊಂದು ಶಾಫ್ಟಿಗೆ ಬಿಗಿದು ಕೂತಿರುತ್ತದೆ. ಇಲ್ಲಿರುವುದು ಎರಡು ಚಕ್ರಗಳ ನಡುವೆ ಎಳೆದು ಕಟ್ಟಿದ ತೆಳ್ಳನೆಯ ಪಟ್ಟಿ. ಅದು ನೆಟ್ಟಗೆ ಓಡುತ್ತದೋ, ಸಿಕ್ಕಾಪಟ್ಟೆ ಹರಿದಾಡುತ್ತದೋ ಎಂಬುದು ನೀವು ಅದನ್ನು ಕೂರಿಸಿದ ರೀತಿಗೆ ಬಿಟ್ಟದ್ದು.

ನಾನು ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಫಿಟ್ಟರ್ ಆಗಿದ್ದವನು. ಮರಗೆಲಸ ಆಮೇಲೆ ಹತ್ತಿದ ಹುಚ್ಚು. ಹಾಗಾಗಿ ಗೆಳೆಯರು ಯಾರೇ ಹೊಸ ಯಂತ್ರ ತಂದರೂ ಸ್ಪ್ಯಾನರ್ ಹಿಡಿದುಕೊಂಡು ಬಾ ಎಂದು ಕರೆಯುತ್ತಾರೆ. ಹೋದಲ್ಲೆಲ್ಲ ಒಂದೇ ದೂರು: ‘ಈ ಯಂತ್ರದಲ್ಲೇ ಏನೋ ಐಬಿದೆ, ಕೊಯ್ತ ಓರೆ ಹೋಗುತ್ತೆ.’ ಬಗ್ಗಿ ನೋಡಿದರೆ ಗೈಡುಗಳು, ಅಂದರೆ ಬ್ಲೇಡಿನ ಪಕ್ಕಕ್ಕೆ ಆಸರೆಯಾಗಿ ನಿಲ್ಲುವ ತುಂಡುಗಳು, ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿದಿರುತ್ತವೆ. ಬ್ಲೇಡ್ ಅತ್ತಿತ್ತ ಹೋಗದಿರಲಿ ಎಂದು ಗೈಡನ್ನೇ ಮೊದಲು ಬಿಗಿ ಮಾಡಿರುತ್ತಾರೆ. ಗೈಡಿನ ಸರದಿ ಬರುವುದು ಬಹಳ ತಡವಾಗಿ. ಮೊದಲು ಟೆನ್ಷನ್ (ಬ್ಲೇಡಿನ ಬಿಗಿತ), ಆಮೇಲೆ ಟ್ರ್ಯಾಕಿಂಗ್ (ಬ್ಲೇಡ್ ಚಕ್ರದ ಮೇಲೆ ತನ್ನ ಜಾಗದಲ್ಲೇ ಓಡುವುದು), ಆಮೇಲೆ ಟೇಬಲ್ಲಿನ ಮೂಲೆಮಟ್ಟ (ಬ್ಲೇಡಿಗೆ 90 ಡಿಗ್ರಿ), ಅದಾದ ಮೇಲೆ ಗೈಡ್, ಕಟ್ಟಕಡೆಗೆ ಫೆನ್ಸ್ (ಹಲಗೆಯನ್ನು ಒರಗಿಸಿ ನೂಕುವ ಪಟ್ಟಿ). ಅಂಗಿಯ ಮೊದಲ ಗುಂಡಿ ತಪ್ಪಿದರೆ ಉಳಿದವೂ ತಪ್ಪುವ ಹಾಗೆ, ಇಲ್ಲಿ ಒಂದು ಹೆಜ್ಜೆ ಹಾರಿಸಿದರೆ ಮುಂದಿನದೆಲ್ಲ ದಂಡ. ಈ ಬರಹದಲ್ಲಿ ಬೇರೆ ಏನು ಮರೆತರೂ ಆ ಕ್ರಮವೊಂದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ನಾನು ಇಲ್ಲಿ ಹೇಳುತ್ತಿರುವುದು 14 ಇಂಚಿನ ಬ್ಯಾಂಡ್ ಸಾ ಬಗ್ಗೆ, ಮನೆ ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. 14 ಇಂಚು ಅಂದರೆ ಚಕ್ರದ ಅಡ್ಡಳತೆ. ಬ್ಲೇಡಿಗೂ ಕಂಬಕ್ಕೂ ನಡುವಿನ ಜಾಗ ಅದಕ್ಕಿಂತ ತುಸು ಕಮ್ಮಿ ಇರುತ್ತದೆ. ಚಿಕ್ಕ ಯಂತ್ರವಾದರೂ ಕ್ರಮ ಇದೇ.

ಕೂರಿಸುವುದು, ತೊಳೆಯುವುದು

ಯಂತ್ರದ ಭಾರವೆಲ್ಲ ಮೇಲುಗಡೆ. ಒಬ್ಬರೇ ಎತ್ತಲು ಹೋಗಬೇಡಿ. ಎತ್ತುವಾಗ ಟೇಬಲ್ಲನ್ನಾಗಲಿ ಮೇಲಿನ ಚಕ್ರದ ಬಾಗಿಲನ್ನಾಗಲಿ ಹಿಡಿಯಬೇಡಿ, ಕಂಬವನ್ನೇ ಹಿಡಿಯಿರಿ. ನೆಲ ಸಮ ಇಲ್ಲದಿದ್ದರೆ ಕಾಲಿನಡಿ ತೆಳು ಹಲಗೆ ಕೊಟ್ಟು ಅಲುಗಾಡದಂತೆ ಮಾಡಿ. ಜಾಗ ನೋಡುವಾಗ ಬ್ಲೇಡಿನ ಮುಂದೆ ಎಷ್ಟು ಉದ್ದದ ಹಲಗೆ ಇಡುತ್ತೀರೋ ಹಿಂದೆಯೂ ಅಷ್ಟೇ ಉದ್ದ ಖಾಲಿ ಬೇಕು ಎಂಬುದು ನೆನಪಿರಲಿ. ಗೋಡೆಗೆ ಒತ್ತಿ ಇಟ್ಟವರು ಅರ್ಧ ಕೊಯ್ದ ಮೇಲೆ ಹಲಗೆ ಗೋಡೆಗೆ ಮುಟ್ಟಿಸಿಕೊಂಡು ನಿಲ್ಲುತ್ತಾರೆ.

ಎರಕದ ಕಬ್ಬಿಣದ ಟೇಬಲ್ಲಿಗೆ ತುಕ್ಕು ಹಿಡಿಯದಿರಲಿ ಎಂದು ಜಿಡ್ಡು ಬಳಿದು ಕಳಿಸಿರುತ್ತಾರೆ. ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿ. ಒಣಗಿದ ಮೇಲೆ ಪೇಸ್ಟ್ ವ್ಯಾಕ್ಸ್ ಹಚ್ಚಿ ಉಜ್ಜಿ. ತುಕ್ಕೂ ಬರುವುದಿಲ್ಲ, ಮರವೂ ಜಾರಿಕೊಂಡು ಹೋಗುತ್ತದೆ. ಸಿಲಿಕೋನ್ ಇರುವ ಪಾಲಿಶ್ ಮಾತ್ರ ಬೇಡ. ಅದು ಮರಕ್ಕೆ ಅಂಟಿಕೊಂಡರೆ ಮುಂದೆ ವಾರ್ನಿಶ್ ಹೊಡೆದಾಗ ಅಲ್ಲಲ್ಲಿ ಕುಳಿ ಬೀಳುತ್ತದೆ.

ಚಕ್ರದ ಬಾಗಿಲು ತೆಗೆಯುವ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಬಾಗಿಲು ತೆರೆದರೆ ಮೋಟಾರು ನಿಲ್ಲುವ ಸ್ವಿಚ್ ಕೆಲವು ಯಂತ್ರಗಳಲ್ಲಿ ಇರುತ್ತದೆ, ಅದನ್ನು ನಂಬಿ ಕೈ ಹಾಕಬೇಡಿ. ಒಳಗಿನ ಬೆಲ್ಟನ್ನೂ ಒಮ್ಮೆ ಹೆಬ್ಬೆರಳಿಂದ ಒತ್ತಿ ನೋಡಿ. ಸುಮಾರು 10 ಮಿಲಿಮೀಟರ್ ಬಾಗಿದರೆ ಸಾಕು.

ಬ್ಲೇಡ್

ಯಂತ್ರದ ಜೊತೆ ಬರುವ ಬ್ಲೇಡನ್ನು ನಾನು ಹೊಂದಾಣಿಕೆ ಕಲಿಯುವುದಕ್ಕಷ್ಟೇ ಬಳಸುತ್ತೇನೆ. ಅದರ ಬೆಸುಗೆ ಒರಟಾಗಿರುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ. ಫೆನ್ಸಿಗೋ ಬೇರಿಂಗ್ ಗೈಡಿಗೋ ಹಣ ಸುರಿಯುವ ಬದಲು ಅದೇ ದುಡ್ಡಲ್ಲಿ ಎರಡು ಒಳ್ಳೆ ಬ್ಲೇಡ್ ತನ್ನಿ. ಹತ್ತರಲ್ಲಿ ಎಂಟು ದೂರು ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅಂದಾಜು.

ಯಾವ ಎರಡು? ನೇರ ಕೊಯ್ತಕ್ಕೆ ಮತ್ತು ದಪ್ಪ ಹಲಗೆಯನ್ನು ಎರಡಾಗಿ ಸೀಳುವುದಕ್ಕೆ 12 ಮಿಲಿಮೀಟರ್ ಅಗಲದ, ಇಂಚಿಗೆ 3 ಅಥವಾ 4 ಹಲ್ಲಿನದು. ತಿರುವುಗಳಿಗೆ 6 ಮಿಲಿಮೀಟರ್ ಅಗಲದ, ಇಂಚಿಗೆ 6 ಹಲ್ಲಿನದು. ಬ್ಲೇಡ್ ಅಗಲವಾದಷ್ಟೂ ನೆಟ್ಟಗೆ ಹೋಗುತ್ತದೆ, ಕಿರಿದಾದಷ್ಟೂ ಚೆನ್ನಾಗಿ ತಿರುಗುತ್ತದೆ. 6 ಮಿಲಿಮೀಟರಿನದು ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ. 12ರದಕ್ಕೆ 64 ಮಿಲಿಮೀಟರ್ ಬೇಕು. ಅದಕ್ಕಿಂತ ಚಿಕ್ಕ ತಿರುವಿಗೆ ಹಟ ಮಾಡಿದರೆ ಬ್ಲೇಡ್ ತಿರುಚಿಕೊಳ್ಳುತ್ತದೆ, ಮರ ಕರಕಲಾಗುತ್ತದೆ, ಒಂದು ದಿನ ಬ್ಲೇಡ್ ತುಂಡಾಗುತ್ತದೆ.

ಹಲ್ಲಿನ ಲೆಕ್ಕ ಇಷ್ಟೇ: ಯಾವ ಹೊತ್ತಿನಲ್ಲೂ ಮರದೊಳಗೆ ಕನಿಷ್ಠ 3 ಹಲ್ಲು ಇರಬೇಕು. ತೆಳು ಪ್ಲೈವುಡ್ಡಿಗೆ 3 ಹಲ್ಲಿನ ಬ್ಲೇಡ್ ಹಾಕಿದರೆ ಅಂಚು ಕಿತ್ತುಬರುತ್ತದೆ. ದಪ್ಪ ಮರಕ್ಕೆ 14 ಹಲ್ಲಿನದು ಹಾಕಿದರೆ ಹಲ್ಲುಗಳ ನಡುವಿನ ಸಂದಿಯಲ್ಲಿ ಹೊಟ್ಟು ತುಂಬಿ ಬ್ಲೇಡ್ ಬಿಸಿಯಾಗಿ ಎತ್ತಲೋ ಅಲೆಯುತ್ತದೆ. ತೇಗದಂಥ ಮರದಲ್ಲಿ ಮರಳಿನಂಶವಿರುವುದರಿಂದ ಹಲ್ಲು ಬೇಗ ಸವೆಯುತ್ತದೆ. ತೇಗವೇ ಜಾಸ್ತಿ ಕೊಯ್ಯುವವರು ಬೈಮೆಟಲ್ ಅಥವಾ ಕಾರ್ಬೈಡ್ ತುದಿಯ ಬ್ಲೇಡ್ ಕಡೆ ನೋಡಬಹುದು.

ಮಡಿಸಿದ ಬ್ಲೇಡ್ ಬಿಚ್ಚುವುದೇ ಒಂದು ಕಸುಬು. ಮೂರು ಸುತ್ತಾಗಿ ಮಡಿಸಿ ಕಟ್ಟಿರುತ್ತಾರೆ, ಕಟ್ಟು ಬಿಚ್ಚಿದ ತಕ್ಷಣ ಚಿಮ್ಮುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಯಲಿನಲ್ಲಿ ನಿಂತು, ಒಂದು ಸುತ್ತನ್ನು ಗಟ್ಟಿಯಾಗಿ ಹಿಡಿದು, ಕೈ ಚಾಚಿ ಮುಖ ಆಚೆ ತಿರುಗಿಸಿ, ಉಳಿದದ್ದನ್ನು ನಿಧಾನವಾಗಿ ಬಿಡಿ. ಮಕ್ಕಳು ಹತ್ತಿರ ಇರಬಾರದು. ಬ್ಲೇಡ್ ಹಿಡಿಯುವಾಗ ಕೈಗವಸು ಎಷ್ಟು ಮುಖ್ಯವೋ ಮರ ಕೊಯ್ಯುವಾಗ ಅದನ್ನು ಬಿಚ್ಚಿಡುವುದೂ ಅಷ್ಟೇ ಮುಖ್ಯ. ಓಡುವ ಹಲ್ಲಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಈಗ ಟೇಬಲ್ಲಿನ ಸೀಳಿನ ತುದಿಯಲ್ಲಿರುವ ಪಿನ್ನು ತೆಗೆದು, ಮೇಲಿನ ಮತ್ತು ಕೆಳಗಿನ ಎಲ್ಲ ಗೈಡುಗಳನ್ನೂ ಸಡಿಲಿಸಿ ದೂರ ಸರಿಸಿಬಿಡಿ. ಬ್ಲೇಡಿಗೆ ಯಾವುದೂ ತಾಗಬಾರದು. ಬ್ಲೇಡನ್ನು ಸೀಳಿನಲ್ಲಿ ತೂರಿಸಿ ಎರಡೂ ಚಕ್ರಕ್ಕೆ ಹಾಕಿ. ಟೇಬಲ್ಲಿನ ಹತ್ತಿರ ಹಲ್ಲಿನ ತುದಿ ನಿಮ್ಮ ಕಡೆಗೆ ತಿರುಗಿ ಕೆಳಮುಖವಾಗಿರಬೇಕು. ಹೇಗೆ ತಿರುಗಿಸಿದರೂ ಮೇಲ್ಮುಖವೇ ಬರುತ್ತಿದ್ದರೆ ಬ್ಲೇಡ್ ಒಳಹೊರಗಾಗಿದೆ ಎಂದರ್ಥ. ಎರಡೂ ಕೈಯಲ್ಲಿ ಹಿಡಿದು ಒಳಮೈ ಹೊರಕ್ಕೆ ಮಗುಚಿದರೆ ಸರಿಯಾಗುತ್ತದೆ. ಹೊಸಬರು ತಪ್ಪು ಬ್ಲೇಡ್ ಕಳಿಸಿದ್ದಾರೆ ಎಂದು ವಾಪಸ್ ಮಾಡಿದ್ದನ್ನೂ ಕಂಡಿದ್ದೇನೆ. ಪಿನ್ನನ್ನು ಮರಳಿ ಹಾಕುವುದು ಮರೆಯಬೇಡಿ. ಸೀಳಿನ ಎರಡು ಪಕ್ಕದ ಟೇಬಲ್ಲನ್ನೂ ಒಂದೇ ಮಟ್ಟದಲ್ಲಿ ಹಿಡಿಯುವುದು ಅದೇ.

ಟೆನ್ಷನ್, ಟ್ರ್ಯಾಕಿಂಗ್

ಮೇಲಿನ ಚಕ್ರವನ್ನು ಎತ್ತುವ ತಿರುಪು ಸುತ್ತುತ್ತಾ ಬ್ಲೇಡನ್ನು ಎಳೆಯಿರಿ. ಯಂತ್ರದ ಮೇಲಿರುವ ಟೆನ್ಷನ್ ಗುರುತನ್ನು ಬರೀ ಅಂದಾಜು ಎಂದುಕೊಳ್ಳಿ. ಸ್ಪ್ರಿಂಗ್ ಎಷ್ಟು ಅಮುಕಿಕೊಂಡಿದೆ ಎಂದಷ್ಟೇ ಅದು ಹೇಳುತ್ತದೆ. ನಾನು ನೋಡುವುದು ಬೆರಳಿನಿಂದ: ಮೇಲಿನ ಗೈಡನ್ನು ಟೇಬಲ್ಲಿನಿಂದ ಸುಮಾರು 150 ಮಿಲಿಮೀಟರ್ ಎತ್ತರಕ್ಕೆ ಏರಿಸಿ, ನಡುವೆ ಬ್ಲೇಡಿನ ಚಪ್ಪಟೆ ಪಕ್ಕವನ್ನು ತೋರುಬೆರಳಿಂದ ಹದವಾಗಿ ಒತ್ತಿ. 6 ಮಿಲಿಮೀಟರಿನಷ್ಟು ಸರಿದು ನಿಂತರೆ ಸರಿ. ಅದಕ್ಕಿಂತ ಹೆಚ್ಚು ಸರಿದರೆ ಇನ್ನೊಂದಿಷ್ಟು ಎಳೆಯಿರಿ. ‘ಹದವಾಗಿ’ ಅಂದರೆ ಎಷ್ಟು ಎಂದು ಕೇಳಿದರೆ, ಬೆರಳ ತುದಿ ಬಿಳುಚಿಕೊಳ್ಳಲು ಶುರುವಾಗುವಷ್ಟು.

ಇನ್ನು ಟ್ರ್ಯಾಕಿಂಗ್. ಇಲ್ಲಿ ಅವಸರ ಬೇಡ. ಮೇಲಿನ ಚಕ್ರದ ಹಿಂದೆ ಒಂದು ಗುಬುಟು ಇರುತ್ತದೆ, ಅದನ್ನು ತಿರುಗಿಸಿದರೆ ಚಕ್ರ ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ಚಕ್ರದ ಮೇಲಿನ ರಬ್ಬರ್ ಟೈರು ಬಹಳ ಯಂತ್ರಗಳಲ್ಲಿ ನಡುವೆ ಸ್ವಲ್ಪ ಉಬ್ಬಿರುತ್ತದೆ. ಬ್ಲೇಡ್ ಆ ಉಬ್ಬಿನ ನೆತ್ತಿಯ ಮೇಲೇ ಓಡಬೇಕು. ಮೇಲಿನ ಚಕ್ರವನ್ನು ಕೈಯಿಂದಲೇ, ಅದು ಓಡುವ ದಿಕ್ಕಿಗೆ ತಿರುಗಿಸಿ. ಬೆರಳು ಚಕ್ರದ ಕಡ್ಡಿಯ ಮೇಲಿರಲಿ, ಹಲ್ಲಿನ ಕಡೆಗೆ ಹೋಗದಿರಲಿ. ಎರಡು ಮೂರು ಸುತ್ತಿನಲ್ಲಿ ಬ್ಲೇಡ್ ಮುಂದಕ್ಕೋ ಹಿಂದಕ್ಕೋ ತೆವಳುವುದು ಕಾಣುತ್ತದೆ. ಗುಬುಟನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಚಕ್ರ ಸುತ್ತಿ, ನಿಂತು ನೋಡಿ. ಗುಬುಟು ತಿರುಗಿಸಿದ ಕೂಡಲೇ ಬ್ಲೇಡ್ ಸರಿಯುವುದಿಲ್ಲ, ಚಕ್ರ ಕೆಲವು ಸುತ್ತು ಹೋದ ಮೇಲೆ ಅದರ ಫಲ ಕಾಣುತ್ತದೆ. ಕಾಯದೆ ಮತ್ತೆ ಮತ್ತೆ ತಿರುಗಿಸುವವರ ಬ್ಲೇಡ್ ಕೆಳಗೆ ಬೀಳುತ್ತದೆ. ನೆತ್ತಿಯ ಮೇಲೆ ನಿಂತ ಮೇಲೆ ಲಾಕ್ ನಟ್ ಬಿಗಿ ಮಾಡಿ, ಬಿಗಿ ಮಾಡುವಾಗ ಸರಿಯಿತೇ ಎಂದು ಇನ್ನೊಮ್ಮೆ ಸುತ್ತಿ ನೋಡಿ. ಟೈರು ಚಪ್ಪಟೆ ಇರುವ ಯಂತ್ರವಾದರೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಅಗಲದ ಬ್ಲೇಡಿನ ಹಲ್ಲು ಚಕ್ರದ ಅಂಚಿನಿಂದ ಸ್ವಲ್ಪ ಹೊರಗೇ ಇರಬೇಕಾಗುತ್ತದೆ, ಕೈಪಿಡಿ ಹೇಳಿದಂತೆ ಮಾಡಿ.

ಎರಡೂ ಚಕ್ರ ಒಂದೇ ಸಮತಲದಲ್ಲಿರಬೇಕು ಎಂದು ಉದ್ದನೆ ಪಟ್ಟಿ ಹಿಡಿದು ಅಳೆಯುವವರಿದ್ದಾರೆ. ಬ್ಲೇಡ್ ನಿಂತ ಕಡೆ ನಿಲ್ಲುತ್ತಿದ್ದರೆ ನಾನು ಆ ತಂಟೆಗೆ ಹೋಗುವುದಿಲ್ಲ.

ಆಮೇಲೆ ಎರಡೂ ಬಾಗಿಲು ಹಾಕಿ, ಪ್ಲಗ್ ಸಿಕ್ಕಿಸಿ, ಯಂತ್ರದ ಬದಿಗೆ ನಿಲ್ಲದೆ ಎದುರಿಗೆ ನಿಂತು ಸ್ವಿಚ್ ಹಾಕಿ ತಕ್ಷಣ ಆರಿಸಿ. ಸದ್ದು ಏಕಪ್ರಕಾರ ಇದೆಯೇ ಕೇಳಿ. ಸರಿಯಿದ್ದರೆ ಒಂದು ನಿಮಿಷ ಓಡಲು ಬಿಡಿ.

ಟೇಬಲ್ಲಿನ ಮೂಲೆಮಟ್ಟ

ಮತ್ತೆ ಪ್ಲಗ್ ತೆಗೆಯಿರಿ. ಚಿಕ್ಕ ಮೂಲೆಮಟ್ಟವನ್ನು ಟೇಬಲ್ಲಿನ ಮೇಲಿಟ್ಟು ಬ್ಲೇಡಿನ ಪಕ್ಕಕ್ಕೆ ಸೇರಿಸಿ. ಅದು ಹಲ್ಲಿನ ತುದಿಗೆ ತಾಗಬಾರದು. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಬಾಗಿರುವುದರಿಂದ ಅಳತೆ ಸುಳ್ಳು ಹೇಳುತ್ತದೆ. ಸಂದಿಯಲ್ಲಿ ಬೆಳಕು ಕಾಣದಂತೆ ಟೇಬಲ್ಲನ್ನು ವಾಲಿಸಿ, ಬೋಲ್ಟ್ ಬಿಗಿಯಿರಿ.

ಇದು ಮೊದಲ ಅಂದಾಜು. ಗಟ್ಟಿ ಪರೀಕ್ಷೆ ಇನ್ನೊಂದಿದೆ, ಅದಕ್ಕೆ ಗೈಡ್ ಹೊಂದಿಸಿ ಮುಗಿದಿರಬೇಕು, ಆದರೆ ಇಲ್ಲೇ ಹೇಳಿಬಿಡುತ್ತೇನೆ. 50 ಮಿಲಿಮೀಟರಿಗಿಂತ ದಪ್ಪನೆಯ ತುಂಡಿನ ತುದಿಯನ್ನು ಒಂದಿಷ್ಟು ಕೊಯ್ದು, ಹೊರಗೆಳೆದು, ಯಂತ್ರ ಆರಿಸಿ. ಬ್ಲೇಡ್ ಪೂರ್ತಿ ನಿಂತ ಮೇಲೆ, ಆ ತುಂಡಿನ ಕೆಳಮೈ ಕೆಳಗೇ ಇರುವಂತೆ ಟೇಬಲ್ಲಿನ ಮೇಲೆಯೇ ಸುತ್ತಿಸಿ ಬ್ಲೇಡಿನ ಹಿಂದಕ್ಕೆ ಒಯ್ಯಿರಿ. ಈಗ ನೀವು ಮಾಡಿದ ಕೊಯ್ತ ಬ್ಲೇಡಿನ ಬೆನ್ನಿಗೆ ಎದುರಾಗಿರುತ್ತದೆ. ಟೇಬಲ್ 90 ಡಿಗ್ರಿ ಇದ್ದರೆ ಬ್ಲೇಡಿನ ಬೆನ್ನು ಆ ಸೀಳಿನೊಳಗೆ ಮೇಲಿಂದ ಕೆಳಗಿನವರೆಗೂ ತಡೆಯಿಲ್ಲದೆ ಇಳಿಯುತ್ತದೆ. ಓರೆ ಇದ್ದರೆ ಸೀಳು ಒಂದು ಕಡೆ ವಾಲುತ್ತದೆ, ಬ್ಲೇಡ್ ಇನ್ನೊಂದು ಕಡೆ. ತಪ್ಪು ಇಮ್ಮಡಿಯಾಗಿ ಕಾಣುವುದರಿಂದ ಕಣ್ಣು ತಪ್ಪಿಸುವ ಪ್ರಶ್ನೆಯೇ ಇಲ್ಲ. ಸರಿಬಂದ ಮೇಲೆ ಟೇಬಲ್ಲಿನ ಕೆಳಗಿರುವ ತಡೆ ಬೋಲ್ಟನ್ನು ಅಲ್ಲಿಗೇ ಹೊಂದಿಸಿ, ಬಾಣದ ಗುರುತನ್ನು ಸೊನ್ನೆಗೆ ತನ್ನಿ.

ಗೈಡ್

ಮೇಲೂ ಕೆಳಗೂ ಒಂದೊಂದು ಜೊತೆ ಪಕ್ಕದ ಗೈಡ್, ಹಿಂದೆ ಒಂದೊಂದು ಬೇರಿಂಗ್. ಪಕ್ಕದ ಗೈಡುಗಳ ಮುಂದಿನ ಅಂಚು ಹಲ್ಲುಗಳ ನಡುವಿನ ಕುಳಿಗಿಂತ ಸುಮಾರು ಒಂದು ಮಿಲಿಮೀಟರ್ ಹಿಂದೆ ಇರಬೇಕು. ಮುಂದೆ ಬಂದರೆ ಹಲ್ಲಿನ ಬಾಗು ಸವೆದು ಹೊಸ ಬ್ಲೇಡ್ ನಿಮಿಷದಲ್ಲಿ ಹಾಳು. ಗೈಡಿಗೂ ಬ್ಲೇಡಿಗೂ ನಡುವೆ ಎರಡು ಕಡೆಯೂ ಮಾಮೂಲಿ ಬರೆಯುವ ಕಾಗದದ ಚೂರು ಸಿಕ್ಕಿಸಿ, ಬ್ಲೇಡ್ ಬಾಗದಂತೆ ಗೈಡನ್ನು ಮೆಲ್ಲಗೆ ಸೇರಿಸಿ, ತಿರುಪು ಬಿಗಿ ಮಾಡಿ, ಕಾಗದ ಎಳೆದುಕೊಳ್ಳಿ. ಹರಿಯದೆ ಈಚೆ ಬಂದರೆ ಆಯಿತು. ಬಲಗಡೆಯದು ಮುಗಿಸಿ ಎಡಗಡೆಯದನ್ನು ಒತ್ತಿ ಬಿಗಿದರೆ ಬ್ಲೇಡ್ ಬಲಕ್ಕೆ ತಳ್ಳಿಕೊಳ್ಳುತ್ತದೆ, ಆಗ ನೀವು ಮಾಡಿದ ಟ್ರ್ಯಾಕಿಂಗಿಗೆ ಬೆಲೆಯೇ ಇಲ್ಲ.

ಹಿಂದಿನ ಬೇರಿಂಗ್ ಬ್ಲೇಡಿನ ಬೆನ್ನಿಗೆ ಅರ್ಧ ಮಿಲಿಮೀಟರಿಗಿಂತ ಹತ್ತಿರ ಇರಲಿ, ತಾಗುವುದು ಬೇಡ. ಯಂತ್ರ ಸುಮ್ಮನೆ ಓಡುವಾಗ ಅದು ತಿರುಗಬಾರದು. ಮರ ನೂಕಿದ ಕ್ಷಣ ತಿರುಗಬೇಕು, ಮರ ಹಿಂತೆಗೆದರೆ ನಿಲ್ಲಬೇಕು. ಕೆಳಗಿನ ಗೈಡ್ ಕಣ್ಣಿಗೆ ಕಾಣುವುದಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು, ಮಂಡಿಯೂರಿ ಅದನ್ನೂ ಮಾಡಿ. ಎಲ್ಲ ಮುಗಿದ ಮೇಲೆ ಮೇಲಿನ ಗೈಡಿನ ಕಂಬವನ್ನು ಪೂರ್ತಿ ಏರಿಸಿ, ಪೂರ್ತಿ ಇಳಿಸಿ ನೋಡಿ. ಕೆಳಗೆ ಸರಿಯಿದ್ದ ಸಂದು ಮೇಲೆ ಹೋದಾಗ ಬದಲಾದರೆ ಕಂಬವೇ ಓರೆ ಇದೆ. ಅದನ್ನು ತಿದ್ದುವ ಬೋಲ್ಟ್ ಇದ್ದರೆ ತಿದ್ದಿ, ಇಲ್ಲದಿದ್ದರೆ ಎತ್ತರ ಬದಲಿಸಿದಾಗಲೆಲ್ಲ ಗೈಡ್ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಮೊದಲ ಕೊಯ್ತ, ಆಮೇಲೆ ಫೆನ್ಸ್

ಪೈನಿನಂಥ ಮೆದು ಮರದ, ಗಂಟಿಲ್ಲದ ಹಲಗೆ ತೆಗೆದುಕೊಳ್ಳಿ. ನೇರ ಅಂಚಿಗೆ ಸಮಾನಾಂತರವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಮೇಲಿನ ಗೈಡನ್ನು ಮರದಿಂದ 6 ಮಿಲಿಮೀಟರ್ ಎತ್ತರಕ್ಕೆ ಇಳಿಸಿ. ಬ್ಲೇಡ್ ಬರಿದಾಗಿ ಕಾಣುವಷ್ಟೂ ಅಪಾಯ, ಬಾಗುವುದೂ ಹೆಚ್ಚು. ಫೆನ್ಸ್ ಇಲ್ಲದೆ ಬರಿಗೈಯಲ್ಲಿ ಗೆರೆಯ ಮೇಲೆ ಕೊಯ್ಯಿರಿ. ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಇಳಿಯುತ್ತಿರುತ್ತದೆ, ಕೆಲಸ ಅದು ಮಾಡುತ್ತದೆ, ನೀವು ಮರ ಒಪ್ಪಿಸಿದರೆ ಸಾಕು. ಮೋಟಾರಿನ ದನಿ ಕುಗ್ಗಿದರೆ ಜೋರಾಗಿ ನೂಕುತ್ತಿದ್ದೀರಿ. ಮರ ಸುಟ್ಟ ವಾಸನೆ ಬಂದರೆ ತೀರಾ ನಿಧಾನ, ಇಲ್ಲವೇ ಹಲ್ಲು ಮೊಂಡು.

ಗೆರೆ ಬಿಡದೆ ಹೋಗಲು ಹಲಗೆಯನ್ನು ಒಂದಿಷ್ಟು ಓರೆಯಾಗಿ ಹಿಡಿಯಬೇಕಾಗಿ ಬಂತೇ? ಅದೇ ಡ್ರಿಫ್ಟ್. ಅರ್ಧಕ್ಕೆ ನಿಲ್ಲಿಸಿ, ಹಲಗೆ ಕದಲದಂತೆ ಹಿಡಿದು ಯಂತ್ರ ಆರಿಸಿ, ಅದರ ಅಂಚಿನ ಉದ್ದಕ್ಕೂ ಟೇಬಲ್ಲಿನ ಮೇಲೆ ಗೆರೆ ಎಳೆದು ಫೆನ್ಸನ್ನು ಆ ಕೋನಕ್ಕೆ ತಿರುಗಿಸಿ ಎಂದು ಬಹಳ ಕಡೆ ಹೇಳಿರುತ್ತಾರೆ. ಹಾಗೂ ಮಾಡಬಹುದು. ನನ್ನ ದಾರಿ ಬೇರೆ: ಬ್ಲೇಡ್ ನಿಜವಾಗಿ ಟೈರಿನ ನೆತ್ತಿಯ ಮೇಲಿದೆಯೇ ಎಂದು ಮೊದಲು ನೋಡುತ್ತೇನೆ. ಬಹಳ ಸಲ ಕೂದಲಿನಷ್ಟು ಟ್ರ್ಯಾಕಿಂಗ್ ಬದಲಿಸಿದರೆ ಡ್ರಿಫ್ಟ್ ಮಾಯವಾಗುತ್ತದೆ, ಫೆನ್ಸ್ ಟೇಬಲ್ಲಿನ ಮೇಲಿನ ಉದ್ದ ಕಾಲುವೆಗೆ ಸಮಾನಾಂತರವಾಗಿಯೇ ಉಳಿಯುತ್ತದೆ. ದಾರಿ ತಪ್ಪಿದ ಟ್ರ್ಯಾಕಿಂಗಿಗೆ ಹೊಂದಿಕೊಂಡು ಫೆನ್ಸ್ ತಿರುಗಿಸಿದರೆ ಪ್ರತಿ ಬ್ಲೇಡಿಗೂ ಹೊಸ ಕೋನ ಹುಡುಕುತ್ತಾ ಕೂರಬೇಕಾಗುತ್ತದೆ.

ತಿರುವು ಕೊಯ್ಯುವಾಗ ಒಂದೇ ಎಚ್ಚರ. ಸಿಕ್ಕಿಕೊಂಡಿತೆಂದು ಓಡುತ್ತಿರುವ ಬ್ಲೇಡಿನಿಂದ ಮರವನ್ನು ಹಿಂದಕ್ಕೆ ಎಳೆಯಬೇಡಿ, ಬ್ಲೇಡ್ ಚಕ್ರದಿಂದ ಕಳಚಿ ಬರುತ್ತದೆ. ಆರಿಸಿ, ನಿಂತ ಮೇಲೆ ಬಿಡಿಸಿ. ಮೊದಲೇ ಹೊರ ಅಂಚಿನಿಂದ ಗೆರೆಯವರೆಗೆ ಅಲ್ಲಲ್ಲಿ ಚಿಕ್ಕ ನೇರ ಕೊಯ್ತ ಹಾಕಿಟ್ಟರೆ ತಿರುವು ಕೊಯ್ಯುವಾಗ ಚೂರುಗಳು ತಾವೇ ಉದುರಿ ಬ್ಲೇಡಿಗೆ ಜಾಗ ಸಿಗುತ್ತದೆ.

ಕೈಯ ಬಗ್ಗೆ

ಈ ಯಂತ್ರ ಮರವನ್ನು ನಿಮ್ಮ ಕಡೆಗೆ ಎಸೆಯುವುದಿಲ್ಲ, ಕೆಳಕ್ಕೆ ಟೇಬಲ್ಲಿಗೆ ಒತ್ತುತ್ತದೆ. ಆ ಸೌಮ್ಯ ಸ್ವಭಾವವೇ ಅಪಾಯ, ಕೈ ತಾನಾಗಿಯೇ ಹತ್ತಿರ ಹತ್ತಿರ ಹೋಗುತ್ತದೆ. ಬೆರಳು ಬ್ಲೇಡಿಗೆ 75 ಮಿಲಿಮೀಟರಿಗಿಂತ ಸಮೀಪ ಬರಬಾರದು. ಹೆಬ್ಬೆರಳು ಎಂದೂ ಕೊಯ್ತದ ನೇರಕ್ಕೆ ಇರಬಾರದು, ಮರ ಮುಗಿಯುವ ಕೊನೆಯ ಗಳಿಗೆಯಲ್ಲಿ ತಡೆ ಒಮ್ಮೆಗೇ ಇಲ್ಲವಾಗಿ ಕೈ ಮುಂದಕ್ಕೆ ಹಾರುತ್ತದೆ. ಕೊನೆಯ ಭಾಗಕ್ಕೆ ನೂಕುಕೋಲು ಬಳಸಿ. ಉದ್ದ ತೋಳು, ಸರ, ಬಿಚ್ಚಿದ ಕೂದಲು ಯಾವುದೂ ಬೇಡ.

ದುಂಡು ಮರದ ವಿಷಯ ಬೇರೆಯೇ. ಕೊಂಬೆಯನ್ನೋ ಕಡಗೋಲಿನಂಥ ಕೋಲನ್ನೋ ಅಡ್ಡ ಕೊಯ್ಯಲು ಹೋದರೆ ಹಲ್ಲು ಕಚ್ಚಿದ ಕೂಡಲೇ ಅದು ಉರುಳಿ ಬೆರಳನ್ನೂ ಒಳಕ್ಕೆ ಎಳೆಯುತ್ತದೆ. ಹಲಗೆಯಲ್ಲಿ ವಿ ಆಕಾರದ ಕಾಲುವೆ ಮಾಡಿ, ದುಂಡನ್ನು ಅದರಲ್ಲಿ ಕೂರಿಸಿ ಕ್ಲ್ಯಾಂಪ್ ಹಾಕಿಯೇ ಕೊಯ್ಯಬೇಕು. ಸ್ವಿಚ್ ಆರಿಸಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ಸದ್ದಿಲ್ಲದೆ ಓಡುತ್ತಿರುತ್ತದೆ. ಪಕ್ಕದ ಚೂರು ಹೆಕ್ಕುವುದು ಆಮೇಲೆ. ಎಂದಾದರೂ ಢಬ್ ಎಂದು ಬ್ಲೇಡ್ ತುಂಡಾದರೆ ಸ್ವಿಚ್ ಆರಿಸಿ ಹಿಂದೆ ಸರಿಯಿರಿ, ಚಕ್ರ ನಿಲ್ಲುವವರೆಗೆ ಬಾಗಿಲು ತೆಗೆಯಬೇಡಿ.

ಹೊಟ್ಟಿನ ಬಗ್ಗೆ ಉದಾಸೀನ ಬೇಡ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಹೇಳಿದೆ. ವ್ಯಾಕ್ಯೂಮ್ ಜೋಡಿಸಿ, ಅದಿದ್ದರೂ ಮಾಸ್ಕ್ ಹಾಕಿ. ಕೆಳಗಿನ ಟೈರಿಗೆ ಹೊಟ್ಟು ಅಂಟಿ ಗಟ್ಟಿಯಾದರೆ ಟ್ರ್ಯಾಕಿಂಗೂ ಕೆಡುತ್ತದೆ, ಆಗಾಗ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಸದ್ದು, ಗುರುತು

ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದರೆ ಬೆಸುಗೆಯ ಗಂಟು ಗೈಡಿಗೆ ಬಡಿಯುತ್ತಿದೆ. 14 ಇಂಚಿನ ಯಂತ್ರದ 93½ ಇಂಚಿನ ಬ್ಲೇಡ್ ಸೆಕೆಂಡಿಗೆ ಆರು ಸಲದಂತೆ ಸುತ್ತುವುದರಿಂದ ಸದ್ದು ಅಷ್ಟೇ ಚುರುಕಾಗಿರುತ್ತದೆ. ಯಂತ್ರ ನಿಲ್ಲಿಸಿ ಬೆಸುಗೆಯನ್ನು ನೋಡಿ: ಬರೀ ಗಂಟಾದರೆ ಸಣ್ಣ ಅರದಿಂದ ಉಜ್ಜಿದರೆ ಸಾಕು, ಕೂದಲೆಳೆ ಬಿರುಕು ಕಂಡರೆ ಬ್ಲೇಡ್ ಎಸೆಯಿರಿ. ಇಷ್ಟು ದಿನ ಇಲ್ಲದ ಟಿಕ್ ಸದ್ದು ಇದ್ದಕ್ಕಿದ್ದಂತೆ ಶುರುವಾದರೆ ಬಿರುಕೆಂದೇ ತಿಳಿಯಿರಿ.

ದಪ್ಪ ಹಲಗೆ ಸೀಳಿದಾಗ ಮೇಲೆ ಕೆಳಗೆ ಸರಿಯಿದ್ದು ನಡುವೆ ಹೊಟ್ಟೆ ಬಂದಿದ್ದರೆ ಟೆನ್ಷನ್ ಸಾಲದು, ಇಲ್ಲವೇ ಹಲ್ಲು ಮೊಂಡಾಗಿದೆ, ಅಥವಾ ಅವಸರದಲ್ಲಿ ನೂಕಿದ್ದೀರಿ. ಮೊದಲು ನಿಧಾನವಾಗಿ ನೂಕಿ ನೋಡಿ, ಅದಕ್ಕೆ ಖರ್ಚಿಲ್ಲ. ಕೊಯ್ತ ಯಾವಾಗಲೂ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಆ ಪಕ್ಕದ ಹಲ್ಲು ಚೂಪಾಗಿದ್ದು ಇನ್ನೊಂದು ಪಕ್ಕದ್ದು ಸವೆದಿರುತ್ತದೆ. ಅಡಗಿದ್ದ ಮೊಳೆಯೊಂದಕ್ಕೆ ತಾಗಿದ ಬ್ಲೇಡ್ ಹೀಗೇ ಆಡುತ್ತದೆ. ಅಂಥದ್ದನ್ನು ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ, ಬದಲಿಸಿ.

ಕೆಲವು ದಿನ ಯಂತ್ರ ಮುಟ್ಟುವುದಿಲ್ಲ ಎಂದಾದರೆ ಟೆನ್ಷನ್ ಇಳಿಸಿಡಿ. ಬಿಗಿದೇ ಬಿಟ್ಟರೆ ಟೈರಿನಲ್ಲಿ ತಗ್ಗು ಬೀಳುತ್ತದೆ, ಸ್ಪ್ರಿಂಗೂ ಸೋಲುತ್ತದೆ. ಇಳಿಸಿದಾಗ ‘ಟೆನ್ಷನ್ ಇಲ್ಲ’ ಎಂದು ಬರೆದ ಚೀಟಿಯನ್ನು ಸ್ವಿಚ್ಚಿಗೇ ಕಟ್ಟಿ. ಸಡಿಲ ಬ್ಲೇಡಿನಲ್ಲಿ ಮೋಟಾರು ಶುರು ಮಾಡಿದರೆ ಮತ್ತೆ ಮೊದಲಿನಿಂದ ಎಲ್ಲ ಹೊಂದಿಸಬೇಕಾಗುತ್ತದೆ.